ಬರೆದ ಕಲ್ಲುಗಳಿಗೆ ಓದುವವರು ಬೇಕು

ಧಾರವಾಡದ ಶಾಸನತಜ್ಞ ಶ್ರೀನಿವಾಸ ರಿತ್ತಿ ಮತ್ತು ಸೊಲ್ಲಾಪುರದ ಸಂಶೋಧಕ ಆನಂದ ಕುಂಭಾರ ಸೇರಿ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದದ್ದು 1988ರಲ್ಲಿ. ಊರ ಗುಡಿಯ ಮುಂದೆ, ಅಗಸೆಬಾಗಿಲ ಪಕ್ಕದಲ್ಲಿ, ಹೊಲದ ಬದುವಿನಲ್ಲಿ, ಬಾವಿಯ ಕಟ್ಟೆಯಲ್ಲಿ ನಿಂತಿದ್ದ, ಬಿದ್ದಿದ್ದ, ಹೂತಿದ್ದ ಕಲ್ಲುಗಳ ಮಾತು ಅಚ್ಚಿಗೆ ಬಂತು. ಅವುಗಳಲ್ಲಿ ಹೆಚ್ಚಿನವು ಕನ್ನಡ ಶಾಸನಗಳು. ಆ ಸಂಪುಟಕ್ಕೆ ಈಗ ನಾಲ್ಕು ದಶಕ ತುಂಬುತ್ತ ಬಂದಿದೆ. ಅಂದು ಓದಿದ ಕಲ್ಲುಗಳು ಇಂದು ಯಾವ ಸ್ಥಿತಿಯಲ್ಲಿವೆ, ಆಮೇಲೆ ಏನು ದೊರೆಯಿತು, ಏನು ಹೋಯಿತು, ಮುಖ್ಯವಾಗಿ ಅವನ್ನು ಓದಬಲ್ಲವರು ಈ ಸೀಮೆಯಲ್ಲಿ ಇನ್ನೆಷ್ಟು ಮಂದಿ ಉಳಿದಿದ್ದಾರೆ ಎಂದು ಹಿಂದಿರುಗಿ ನೋಡಲು ಇದು ತಕ್ಕ ಹೊತ್ತು.

ಕರ್ನಾಟಕದ ಓದುಗರಿಗೆ ಸೊಲ್ಲಾಪುರವೆಂದರೆ ಚಾದರ, ಗಿರಣಿ, ರೈಲು ಬದಲಿಸುವ ನಿಲ್ದಾಣ. ಅಕ್ಕಲಕೋಟವೆಂದರೆ ಸ್ವಾಮಿ ಸಮರ್ಥರು. ಆದರೆ ಇದೊಂದೇ ಜಿಲ್ಲೆಯೊಳಗೆ ನಮ್ಮ ಸಾಹಿತ್ಯಕ್ಕೆ ಬೇರು ಕೊಟ್ಟ ಮೂರು ಊರುಗಳಿವೆ. ಸಿದ್ಧರಾಮನ ಸೊನ್ನಲಿಗೆ ಇಂದಿನ ಸೊಲ್ಲಾಪುರ. ಕಲ್ಯಾಣಕ್ಕೆ ಹೋಗುವ ಮೊದಲು ಬಸವಣ್ಣ ಬಿಜ್ಜಳನ ಬಳಿ ಕೆಲಸಕ್ಕಿದ್ದ ಮಂಗಳವಾಡ ಇಂದಿನ ಮಂಗಳವೇಢೆ. ಹೊಯ್ಸಳ ಸೋಮೇಶ್ವರನ ಕಾಲದ 1237ರ ಕನ್ನಡ ಶಾಸನದಲ್ಲಿ ಬರುವ ಪಂಡರಗೆ ಇಂದಿನ ಪಂಢರಪುರ. ವಾರಕರಿಗಳ ದೇವರ ಊರಿನಲ್ಲಿ ಕನ್ನಡದ ಕಲ್ಲಿದೆ ಎಂಬುದು ಅಲ್ಲಿನವರಿಗೂ ನಮಗೂ ಸಮಾನವಾಗಿ ಸೇರಿದ ಸಂಗತಿ. ಅದರಲ್ಲಿ ಗೆಲುವು ಸೋಲುಗಳನ್ನು ಹುಡುಕುವ ಅಗತ್ಯವಿಲ್ಲ.

ಈ ಸೀಮೆಯ ಹಳೆಯ ಕಲ್ಲುಗಳನ್ನು ನೋಡಬೇಕೆನ್ನುವವರು ಮೊದಲು ಹೋಗಬೇಕಾದದ್ದು ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲಕ್ಕೆ. ಬಸವಣ್ಣನವರ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿ, ಕೃಷ್ಣಾ ಮಲಪ್ರಭೆಯರು ಕೂಡುವಲ್ಲಿ ಇದೆ. ಇದು ಬೇರೆ, ಭೀಮೆಗೆ ಸೀನಾ ಬಂದು ಸೇರುವ ಕೂಡಲ. ಹೆಸರಿನ ಗೊಂದಲದಿಂದಲೋ ಏನೋ ನಮ್ಮ ಕಡೆಯ ಪ್ರವಾಸಿಗರಿಗೆ ಇದರ ಪರಿಚಯವೇ ಕಡಿಮೆ. ಇಲ್ಲಿ ಎರಡು ಗುಡಿಗಳಿವೆ. ಒಂದು ಸಂಗಮೇಶ್ವರ, ಇನ್ನೊಂದು ಹರಿಹರೇಶ್ವರ.

ಸಂಗಮೇಶ್ವರ ಗುಡಿಯ ತೊಲೆಯ ಮೇಲೆ ಶಕ 940ರ, ಅಂದರೆ ಕ್ರಿ.ಶ. 1018ರ ಬರಹವಿದೆ. ಕಲ್ಯಾಣದ ಚಾಳುಕ್ಯರಲ್ಲಿ ಇಮ್ಮಡಿ ಜಯಸಿಂಹ ಆಳುತ್ತಿದ್ದ ಕಾಲ ಅದು. ಅದರ ಕೊನೆಯ ಮಾತು ಮರಾಠಿಯಲ್ಲಿದೆ. ಇದನ್ನು ಓದುವವನು ವಿಜಯಿಯಾಗುತ್ತಾನೆ ಎಂಬುದು ಅದರ ತಾತ್ಪರ್ಯ. ಅದನ್ನು ಓದಿ ನಾಡಿಗೆ ತಿಳಿಸಿದವರು ಆನಂದ ಕುಂಭಾರರು. ಮರಾಠಿಯ ಅತ್ಯಂತ ಹಳೆಯ ಶಿಲಾಬರಹ ಇದೇ ಎಂದು ಮರಾಠಿ ವಿದ್ವಾಂಸರಲ್ಲಿ ಹಲವರು ಒಪ್ಪಿದ್ದಾರೆ. ಅದಕ್ಕೂ ಮುಂಚೆ ಆ ಮನ್ನಣೆ ಇದ್ದದ್ದು ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಸಾಲಿಗೆ. ಮರಾಠಿಯ ಮೊದಲ ಅಕ್ಷರಗಳನ್ನು ಹುಡುಕಿಕೊಂಡು ಹೋದವರು ಒಮ್ಮೆ ಹಾಸನ ಜಿಲ್ಲೆಗೆ, ಇನ್ನೊಮ್ಮೆ ಕನ್ನಡ ಮಾತಾಡುವ ಭೀಮಾತೀರದ ಹಳ್ಳಿಗೆ ಬಂದು ನಿಲ್ಲುತ್ತಾರೆ. ಪಂಢರಪುರದಲ್ಲಿ ಕನ್ನಡ, ಬೆಳಗೊಳದಲ್ಲಿ ಮರಾಠಿ, ಕೂಡಲದಲ್ಲಿ ಎರಡರ ನೆರಳು. ಆ ಕಾಲದವರು ಒಂದೇ ಗುಡಿಯಲ್ಲಿ ಎರಡು ನುಡಿಗೂ ಜಾಗ ಕೊಟ್ಟಿದ್ದರು. 2018ರಲ್ಲಿ ಈ ಬರಹಕ್ಕೆ ಸಾವಿರ ವರ್ಷ ತುಂಬಿತು. ಎರಡು ರಾಜ್ಯಗಳ ಸಾಹಿತ್ಯ ಸಂಸ್ಥೆಗಳು ಒಟ್ಟಾಗಿ ಆಚರಿಸಬಹುದಾಗಿದ್ದ ಸಹಸ್ರಮಾನೋತ್ಸವ ಅದು.

ಹರಿಹರೇಶ್ವರ ಗುಡಿಯದು ಬೇರೆಯೇ ಕಥೆ. ಅದು ಬಹುಕಾಲ ಮಣ್ಣಿನ ದಿಬ್ಬದೊಳಗೆ ಮುಚ್ಚಿಹೋಗಿತ್ತು. 1998-99ರ ಸುಮಾರಿಗೆ ಅಗೆತ ನಡೆದು ಗುಡಿ ಹೊರಬಂತು, ಅದರ ಜೊತೆಗೆ ಬಹುಮುಖಿ ಲಿಂಗವೂ ಹೊರಬಂತು. ಲಿಂಗದ ಮೈಸುತ್ತ ಸಾಲಿನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಶಿವಮುಖಗಳು. ಎಣಿಸಿದವರ ಲೆಕ್ಕದಲ್ಲಿ 359. ಲಿಂಗವೇ ಒಂದು ಎಂದು ಸೇರಿಸಿ 360 ಎನ್ನುವುದು ಊರವರ ಎಣಿಕೆ. ಚತುರ್ಮುಖ, ಪಂಚಮುಖ ಲಿಂಗಗಳನ್ನು ನಾವು ಬೇರೆಡೆ ಕಂಡಿದ್ದೇವೆ. ಒಂದೇ ಕಲ್ಲಿನಲ್ಲಿ ಇಷ್ಟು ಮುಖ ಬಿಡಿಸಿದ್ದನ್ನು ಇನ್ನೆಲ್ಲೂ ಕಾಣುವುದು ಕಷ್ಟ. ಇದು ದಖ್ಖನ್ನಿನ ಕರಿಕಲ್ಲು ಎಂಬುದನ್ನು ಮರೆಯಬಾರದು. ಲಕ್ಕುಂಡಿ, ಇಟಗಿಗಳಲ್ಲಿ ಚಾಳುಕ್ಯ ಶಿಲ್ಪಿಗಳಿಗೆ ದಕ್ಕಿದ ನುಣುಪಾದ ಬಳಪದ ಕಲ್ಲು ಇಲ್ಲಿ ಇಲ್ಲ. ಜ್ವಾಲಾಮುಖಿಯ ಲಾವಾ ಗಟ್ಟಿಯಾದ ಬಂಡೆ ಇದು. ಸೂಕ್ಷ್ಮ ಕೆತ್ತನೆಗೆ ಸುಲಭವಾಗಿ ಒಗ್ಗುವುದಿಲ್ಲ. ಅಂಥ ಕಲ್ಲಿನಲ್ಲಿ ಹೆಬ್ಬೆಟ್ಟಿನಷ್ಟು ಜಾಗದಲ್ಲಿ ಕಣ್ಣು, ಮೂಗು, ತುಟಿ ಮೂಡಿಸಿ ಮುಂದಿನ ಮುಖಕ್ಕೆ ಹೋಗಬೇಕಾದರೆ ಉಳಿ ಎಷ್ಟು ಸಲ ಮಸೆದಿರಬೇಕು! ಗುಡಿಯ ಮುಂದಿನ ಸ್ವರ್ಗಮಂಟಪಕ್ಕೆ ಮೇಲೆ ಛಾವಣಿಯಿಲ್ಲ. ದುಂಡಗೆ ತೆರೆದ ಆ ಬಾಯಿಯಿಂದ ಬೆಳಕು ಇಳಿದು ಕಂಬಗಳ ಮೇಲೆ ಜರುಗುತ್ತ ಹೋಗುವುದನ್ನು ನೋಡಲು ಅರ್ಧ ದಿನವಾದರೂ ಅಲ್ಲಿರಬೇಕು. ಫೋಟೋ ತೆಗೆಸಿಕೊಂಡು ಕಾಲು ಗಂಟೆಯಲ್ಲಿ ಗಾಡಿ ಹತ್ತುವವರಿಗೆ ಅದು ಕಾಣಿಸದು.

ಈ ಗುಡಿಗಳ ದೊಡ್ಡ ಭಯ ನೀರು. ಮೇಲೆ ಉಜನಿ ಜಲಾಶಯವಿದೆ. 1980ರಲ್ಲಿ ಮುಗಿದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಪಳಸದೇವದ ಹಳೆಯ ಗುಡಿ ಬರಗಾಲದ ಬೇಸಿಗೆಯಲ್ಲಿ ಮಾತ್ರ ಮೇಲೆ ಕಾಣಿಸಿಕೊಳ್ಳುತ್ತದೆ. ಅಣೆಕಟ್ಟಿನ ಕೆಳಗಿನವುಗಳಿಗೆ ಬಿಟ್ಟ ನೀರಿನ ಚಿಂತೆ. 2020ರ ಅಕ್ಟೋಬರಿನಲ್ಲಿ ಭೀಮೆ, 2025ರ ಸೆಪ್ಟೆಂಬರಿನಲ್ಲಿ ಸೀನಾ ಉಕ್ಕಿ ಈ ದಂಡೆಗಳ ಬದುಕನ್ನೇ ಅಲ್ಲಾಡಿಸಿದವು. ಎರಡು ನದಿ ಕೂಡುವ ಜಾಗದಲ್ಲಿರುವ ಕಟ್ಟಡದ ಬುನಾದಿಗೆ ಪ್ರತಿ ಮಳೆಗಾಲವೂ ಪರೀಕ್ಷೆ. ಜನರ ಮನೆಮಾರು, ದನಕರುಗಳ ಸಂಕಟ ಮೊದಲು ಎಂಬುದು ಸರಿ. ಆದರೆ ನೀರಿಳಿದ ಮೇಲಾದರೂ ಒಬ್ಬ ಎಂಜಿನಿಯರು ಬಂದು ಕಂಬದ ಬುಡ ನೋಡಿ ಟಿಪ್ಪಣಿ ಬರೆದಿಡುವ ಕಾಯಂ ವ್ಯವಸ್ಥೆ ಬೇಕು.

ಇಂಥದ್ದು ಅಸಾಧ್ಯವೇನಲ್ಲ. ಭೂಮಧ್ಯ ಸಮುದ್ರದ ಪುಟ್ಟ ದ್ವೀಪರಾಷ್ಟ್ರ ಮಾಲ್ಟಾ ಇದಕ್ಕೆ ಉದಾಹರಣೆ. ವಿಸ್ತೀರ್ಣ 316 ಚದರ ಕಿಲೋಮೀಟರು, ನಮ್ಮ ಒಂದು ತಾಲೂಕಿಗಿಂತ ಚಿಕ್ಕದು. ಅಲ್ಲಿ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯ ಕಲ್ಲಿನ ಗುಡಿಗಳಿವೆ. ಹಜಾರ್ ಇಮ್ ಮತ್ತು ಮ್ನೈದ್ರಾ ಗುಡಿಗಳ ಮೆತ್ತನೆಯ ಸುಣ್ಣಕಲ್ಲು ಮಳೆಗೂ ಸಮುದ್ರದ ಉಪ್ಪುಗಾಳಿಗೂ ಕರಗುತ್ತಿದೆ ಎಂದು ಗೊತ್ತಾದಾಗ 2009ರಲ್ಲಿ ಅವುಗಳ ಮೇಲೆ ದೊಡ್ಡ ಚಪ್ಪರಗಳನ್ನೇ ಎತ್ತಿದರು. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿ ತೋಡುವಾಗ ಸಿಕ್ಕ ನೆಲಮಾಳಿಗೆಯ ಸಮಾಧಿಗುಹೆಗೆ ಗಂಟೆಗೆ ಹತ್ತು ಮಂದಿಯನ್ನಷ್ಟೇ ಬಿಡುತ್ತಾರೆ, ಉಸಿರಿನ ತೇವಕ್ಕೆ ಒಳಗಿನ ಬಣ್ಣ ಕೆಡಬಾರದೆಂದು. ಅಲ್ಲಿನ ಕಲ್ಲಿನಲ್ಲಿ ಒಂದಕ್ಷರವೂ ಇಲ್ಲ. ಕಟ್ಟಿದವರು ಯಾವ ಭಾಷೆ ಆಡುತ್ತಿದ್ದರು ಎಂಬುದೇ ತಿಳಿಯದು. ನಮ್ಮ ಕಲ್ಲುಗಳಾದರೋ ತಮ್ಮ ಹೆಸರು, ದಿನ, ವಾರ, ದಾನ ಕೊಟ್ಟವರು, ಪಡೆದವರು, ಹೊಲದ ಎಲ್ಲೆ ಎಲ್ಲವನ್ನೂ ಹೇಳುತ್ತ ನಿಂತಿವೆ.

ಹೇಳುವ ಕಲ್ಲಿದ್ದರೂ ಕೇಳುವವರು ಕಡಿಮೆ ಎಂಬುದು ಸೊಲ್ಲಾಪುರದ ಕೋಟೆಯಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಹಮನಿಗಳ ಕಾಲದ ಈ ನೆಲಗೋಟೆ ಚಾಂದಬೀಬಿಯ ಮದುವೆಯಲ್ಲಿ ಅಹಮದನಗರದಿಂದ ವಿಜಾಪುರಕ್ಕೆ ಬಳುವಳಿಯಾಗಿ ಹೋಯಿತು, 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋನ ಸೈನ್ಯಕ್ಕೆ ವಶವಾಯಿತು. ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗೋಡೆಗಳಲ್ಲಿ ಹಳೆಯ ಗುಡಿಯ ಕಲ್ಲುಗಳು ಅಲ್ಲಲ್ಲಿ ಸೇರಿಹೋಗಿವೆ. ಒಳಗೆ ಅಗೆದಾಗ ಸಿಕ್ಕ ಗುಡಿಯ ಅವಶೇಷವನ್ನು ಕಪಿಲಸಿದ್ಧಮಲ್ಲಿಕಾರ್ಜುನನ ಗುಡಿಯೆಂದು ಗುರುತಿಸಲಾಗಿದೆ. ಸಿದ್ಧರಾಮ ತನ್ನ ವಚನಗಳಿಗೆಲ್ಲ ಅಂಕಿತವಾಗಿಟ್ಟುಕೊಂಡ ದೇವರು ಇವನೇ. ರಾಘವಾಂಕ ತನ್ನ ಕಾವ್ಯದಲ್ಲಿ ಕಟ್ಟಿಕೊಟ್ಟ ಸೊನ್ನಲಿಗೆಯನ್ನು ಓದಿ ಬಂದವರು ಆ ಅಡಿಪಾಯದ ಕಲ್ಲುಗಳ ಮುಂದೆ ನಿಂತರೆ ಮೈ ನವಿರೇಳದೆ ಇರದು. ಕೆರೆ ಕಟ್ಟುವುದೇ ಶಿವಪೂಜೆ ಎಂದು ನಂಬಿದ್ದ ಆ ಕರ್ಮಯೋಗಿಯನ್ನು ಅಲ್ಲಮಪ್ರಭು ಬಂದು ಕೆಣಕಿ ಕಲ್ಯಾಣಕ್ಕೆ ಕರೆದೊಯ್ದದ್ದು ಈ ನೆಲದಿಂದ. ಕೋಟೆಗೆ ತಾಗಿದಂತೆ ಇರುವ ಸಿದ್ಧೇಶ್ವರ ಕೆರೆಯಲ್ಲಿ ಈಗಲೂ ನೀರಿದೆ. ಅದರ ನಡುವಿನ ಗುಡಿಗೆ ದಿನವೂ ಜನ ಬರುತ್ತಾರೆ. ಹತ್ತು ಹೆಜ್ಜೆಯಾಚೆಯ ಕೋಟೆಯೊಳಕ್ಕೆ ಬರುವವರು ಕಡಿಮೆ. ಬಂದವರಿಗೆ ಆ ಅವಶೇಷ ಯಾರದೆಂದು ಹೇಳುವವರು ಇನ್ನೂ ಕಡಿಮೆ.

ಕನ್ನಡ ಇಲ್ಲಿ ಬರೀ ಕಲ್ಲಿನಲ್ಲಿ ಉಳಿದಿಲ್ಲ. ಸಂಕ್ರಾಂತಿಯ ಗಡ್ಡೆಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಟು, ಊರ ಸುತ್ತ ಸಿದ್ಧರಾಮ ಸ್ಥಾಪಿಸಿದನೆನ್ನುವ ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಭೋಗಿಯ ದಿನ ಸಮ್ಮತಿ ಕಟ್ಟೆಯ ಬಳಿ ಕುಂಬಾರರ ಕನ್ಯೆಗೂ ಸಿದ್ಧರಾಮನ ಯೋಗದಂಡಕ್ಕೂ ಅಕ್ಷತೆ ಬೀಳುವಾಗ ಓದುವ ಸಮ್ಮತಿ ಕನ್ನಡದ್ದು. ಲಕ್ಷಗಟ್ಟಲೆ ಜನ, ಮನೆಯಲ್ಲಿ ಮರಾಠಿ, ತೆಲುಗು, ಉರ್ದು, ಕನ್ನಡ ಆಡುವವರು, ಬಾರಾಬಂದಿ ಅಂಗಿ ತೊಟ್ಟು ಅದಕ್ಕೆ ದನಿಗೂಡಿಸುತ್ತಾರೆ. ಆ ಅರವತ್ತೆಂಟರಲ್ಲಿ ಎಷ್ಟೋ ಲಿಂಗಗಳ ಗುಡಿಗಳು ನಗರ ಬೆಳೆದಂತೆ ಅಂಗಡಿಸಾಲು, ಓಣಿ, ಗೋಡೆಗಳ ನಡುವೆ ಸಿಕ್ಕಿಕೊಂಡಿವೆ. ವರ್ಷಕ್ಕೊಮ್ಮೆ ಅಲ್ಲಿಗೆ ನಂದಿಕೋಲು ಹೋಗಲೇಬೇಕು ಎಂಬ ಕಟ್ಟುಪಾಡು ಇರುವುದರಿಂದ ಅವು ಉಳಿದಿವೆ. ಕಾಗದದ ಮೇಲಿನ ಯಾವ ಆದೇಶಕ್ಕೂ ಇಷ್ಟು ಬಲ ಬಂದಿಲ್ಲ.

ಅಕ್ಕಲಕೋಟ ತಾಲೂಕಿನಲ್ಲಿ ಚಿತ್ರ ಬೇರೆ. ಸ್ವಾಮಿ ಸಮರ್ಥರು 1856ರಲ್ಲಿ ಬಂದು 1878ರಲ್ಲಿ ಸಮಾಧಿಯಾಗುವವರೆಗೆ ಇದ್ದ ಊರಿದು. ವಟವೃಕ್ಷದ ಗುಡಿಗೆ ಬರುವ ಬಸ್ಸುಗಳಿಗೆ ಲೆಕ್ಕವಿಲ್ಲ. ಆ ಭಕ್ತರಲ್ಲಿ ನೂರಕ್ಕೊಬ್ಬರಾದರೂ ಅದೇ ತಾಲೂಕಿನ ಜೇವೂರಿಗೆ ಹೋಗಿ ಚಾಳುಕ್ಯ ಶೈಲಿಯ ಕಾಶಿ ವಿಶ್ವನಾಥನ ಗುಡಿ ನೋಡಿ ಬಂದರೆ ಆ ಊರಿನ ನಸೀಬು ಬದಲಾಗುತ್ತಿತ್ತು. ದಾರಿ ತೋರಿಸುವ ಫಲಕ, ಎರಡು ನುಡಿಯಲ್ಲಿ ಹತ್ತು ಸಾಲಿನ ವಿವರ, ಕುಡಿಯುವ ನೀರು, ಇಷ್ಟಿದ್ದರೆ ಜನ ಹೋಗುತ್ತಾರೆ.

ಈ ತಾಲೂಕಿನ ಹಳ್ಳಿಗಳಲ್ಲಿ ಶಾಸನಕ್ಕೆ ಜನ ಹೇಳುವುದು ಬರೆದ ಕಲ್ಲು ಎಂದು. ಒಂದು ಊರಿನ ಹನುಮಪ್ಪನ ಗುಡಿಯ ಮುಂದೆ ಅಂಥದ್ದೊಂದನ್ನು ನೋಡುತ್ತ ಕೂತಾಗ ಕಟ್ಟೆಯ ಮೇಲಿದ್ದ ಹಿರಿಯರು ಎದ್ದು ಬಂದರು. "ಸರ, ನಿಮಗ ಇದು ಓದಾಕ ಬರ್ತದೇನ್ರಿ? ನಮ್ಮಪ್ಪನ ಕಾಲದಿಂದ ಇಲ್ಲೇ ಐತ್ರಿ. ಒಳಗ ಹೊನ್ನಿನ ಗುಟ್ಟ ಬರದಾರ ಅಂತಾರ್ರಿ, ಖರೇನ್ರಿ?" ಮೇಲೆ ಸೂರ್ಯ ಚಂದ್ರ, ಹಸು ಕರು, ಖಡ್ಗ, ನಡುವೆ ಲಿಂಗ, ಎಲ್ಲ ಇದ್ದವು. ಕೆಳಗಿನ ಅಕ್ಷರಗಳ ಮೇಲೆ ಮಾತ್ರ ಹಳದಿ ಎಣ್ಣೆಬಣ್ಣ ಎರಡು ಪದರ ಕೂತಿತ್ತು. ಗುಡಿಗೆ ಬಣ್ಣ ಹೊಡೆಯುವಾಗ ಕಲ್ಲಿಗೂ ಭಕ್ತಿಯಿಂದ ಹೊಡೆದಿದ್ದರು. ಸಂಜೆಯ ಓರೆ ಬಿಸಿಲು ಬಿದ್ದಾಗ ಮೊದಲ ಸಾಲಿನ 'ಸ್ವಸ್ತಿ' ಎದ್ದು ಬಂತು, ಅದರ ಮುಂದೆ ಚಾಳುಕ್ಯರ ಪ್ರಶಸ್ತಿಯ ಪರಿಚಿತ ಪದಗಳು ಅರೆಬರೆಯಾಗಿ. ದೇವರ ದೀಪಕ್ಕೂ ನೈವೇದ್ಯಕ್ಕೂ ಹೊಲ ಬಿಟ್ಟುಕೊಟ್ಟದ್ದನ್ನು ಇಂಥ ಕಲ್ಲಿನಲ್ಲಿ ಬರೆಯುತ್ತಿದ್ದರು, ಅದನ್ನು ಕಸಿದುಕೊಂಡವರಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಎನ್ನುತ್ತಿದ್ದರು ಎಂದು ತಿಳಿಸಿದಾಗ ಆ ಹಿರಿಯರು ಸುಮ್ಮನೆ ನಿಂತು ಕೇಳಿ, "ಹಂಗಾದ್ರ ಇದು ನಮ್ಮ ಊರಿನ ಕಾಗದಪತ್ರ ಇದ್ದಂಗ ಆತಲ್ರಿ" ಎಂದರು. ಅಷ್ಟು ಗೊತ್ತಾದ ಊರಿನಲ್ಲಿ ಮತ್ತೆ ಯಾರೂ ಆ ಕಲ್ಲಿಗೆ ಬಣ್ಣ ಹಚ್ಚುವುದಿಲ್ಲ.

ನಾಲ್ಕು ದಶಕದ ಲೆಕ್ಕ ತೆಗೆದರೆ ಕಣ್ಣಿಗೆ ಹೊಡೆಯುವುದು ಇದು. ಬಂಗಾರದ ಆಸೆಗೆ ಕಲ್ಲಿನ ಬುಡ ಅಗೆಯುವುದು, ಜೀರ್ಣೋದ್ಧಾರವೆಂದು ಸಿಮೆಂಟು ಬಳಿಯುವುದು, ಗ್ರಾನೈಟು ಹಾಸಿ ಶಾಸನದ ಅರ್ಧ ಸಾಲು ನೆಲದೊಳಗೆ ಹೂಳುವುದು, ಅಕ್ಷರಗಳ ತಗ್ಗಿಗೆ ಸುಣ್ಣ ತುಂಬಿ ಮಾಯವಾಗಿಸುವುದು, ಯಾವುದೂ ದ್ವೇಷದಿಂದ ಆದದ್ದಲ್ಲ. ಓದು ಇಲ್ಲದ್ದರಿಂದ ಆದದ್ದು. ಉಳಿದ ಕಲ್ಲುಗಳಾದರೂ ಯಾರೋ ಒಬ್ಬರು ಓದಬಲ್ಲವರು ಊರಿಗೆ ಬಂದು, ಪಡಿಯಚ್ಚು ತೆಗೆದು, ಅರ್ಥ ಹೇಳಿ ಹೋದದ್ದರಿಂದ ಉಳಿದವು. ಕುಂಭಾರರಂಥವರು ಹಳ್ಳಿ ತಿರುಗಿ ಮಾಡಿದ ಕೆಲಸದ ನಿಜವಾದ ಫಲ ಗ್ರಂಥಾಲಯದಲ್ಲಿರುವುದಕ್ಕಿಂತ ಹೆಚ್ಚಾಗಿ ಇಂಥ ಊರುಗಳಲ್ಲಿದೆ.

ಗಡಿಯ ಮಾತು ಬಿಟ್ಟು ಈ ಲೆಕ್ಕ ಪೂರ್ತಿಯಾಗದು. 1948ರಲ್ಲಿ ಅಕ್ಕಲಕೋಟ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ವಿಂಗಡಣೆಯಲ್ಲಿ ಈ ಸೀಮೆ ಅತ್ತಲೇ ಉಳಿಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷದ ವರದಿಯಲ್ಲಿ ಇಡೀ ಅಕ್ಕಲಕೋಟ ತಾಲೂಕು, ದಕ್ಷಿಣ ಸೊಲ್ಲಾಪುರದ 65 ಹಳ್ಳಿ, ಜತ್ತ ತಾಲೂಕಿನ 44 ಹಳ್ಳಿ ಕರ್ನಾಟಕಕ್ಕೆ ಸೇರಬೇಕೆಂದಿತು. ಅದು ಜಾರಿಯಾಗಲಿಲ್ಲ. 2004ರಿಂದ ಎರಡು ರಾಜ್ಯಗಳ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. 2022ರ ಡಿಸೆಂಬರಿನಲ್ಲಿ ಅಕ್ಕಲಕೋಟದ ಕೆಲವು ಗ್ರಾಮ ಪಂಚಾಯಿತಿಗಳು ರಸ್ತೆ, ನೀರು ಸಿಗದ ಬೇಸರಕ್ಕೆ ಕರ್ನಾಟಕ ಸೇರುವ ಠರಾವು ಮಾಡಿ ಸುದ್ದಿಯಾದವು. ಈ ಏಳು ದಶಕದಲ್ಲಿ ಶಾಸನಗಳನ್ನು ಎರಡೂ ಕಡೆಯವರು ಪುರಾವೆಯಾಗಿ ಎತ್ತಿ ಹಿಡಿದರು. ಅದರಿಂದ ಕಲ್ಲಿಗೆ ಒಳ್ಳೆಯದಾಗಲಿಲ್ಲ. ಹನ್ನೊಂದನೆಯ ಶತಮಾನದ ದಾನಶಾಸನ ಇಂದಿನ ಗಡಿಯನ್ನು ನಿರ್ಧರಿಸಲಾರದು, ನಿರ್ಧರಿಸಲೂ ಬಾರದು. ಗಡಿ ಎಲ್ಲಿದ್ದರೂ ಕಲ್ಲು ಅದೇ ಊರಿನಲ್ಲಿ ನಿಂತಿರುತ್ತದೆ, ಅದನ್ನು ಕಾಯಬೇಕಾದವರು ಅದೇ ಊರಿನವರು.

ಆ ಊರಿನವರಿಗೆ ಓದು ಕಲಿಸುವುದಕ್ಕೆ ಈ ಸೀಮೆಯಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳಿವೆ. ಕಲ್ಯಾಣ ಚಾಳುಕ್ಯರ ಕಾಲದ ಲಿಪಿ ಇಂದಿನ ಕನ್ನಡಕ್ಕೆ ತೀರ ದೂರದ್ದಲ್ಲ. ಱ, ೞಗಳನ್ನು ಗುರುತಿಸಿ, ಕೆಲವು ಅಕ್ಷರಗಳ ಹಳೆಯ ತಿರುವುಗಳನ್ನು ಕಲಿತರೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಊರಿನ ಕಲ್ಲಿನ ಮೊದಲ ಸಾಲನ್ನು ತಾನೇ ಓದಬಲ್ಲಳು. ಪುಣೆಯಿಂದ ಬರುವ ಸಂಶೋಧನಾ ವಿದ್ಯಾರ್ಥಿಗೆ ವರ್ಷಗಟ್ಟಲೆ ಹಿಡಿಯುವ ಕೆಲಸ ತೋಳನೂರು, ನಾಗಣಸೂರಿನ ಮಕ್ಕಳಿಗೆ ಅರ್ಧ ಹಾದಿಯಿಂದಲೇ ಶುರುವಾಗುತ್ತದೆ. ಈ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆದವರು. ಕೂಡಲದ ತೊಲೆಯ ಮೇಲಿನ ಬರಹವನ್ನೂ ಪಕ್ಕದ ಕನ್ನಡ ಶಾಸನವನ್ನೂ ಒಬ್ಬರೇ ಓದಬಲ್ಲ ಓದುಗರು ಇವರೇ.

ಕನ್ನಡದ ಕೆಲಸಕ್ಕೆ ಸೊಲ್ಲಾಪುರ ಹೊಸದೂ ಅಲ್ಲ. 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿಯೇ ನಡೆಯಿತು. ಇಲ್ಲಿ ಹುಟ್ಟಿ ಬೆಳೆದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಓದಿ, ಕನ್ನಡವನ್ನು ಹಟದಿಂದ ಕಲಿತು, ತ್ರಿಪದಿಯಲ್ಲಿ ಸಿದ್ಧರಾಮನ ಪುರಾಣ ಬರೆದು, 1974ರಲ್ಲಿ ಮಂಡ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ದಕ್ಷಿಣ ಭಾರತದ ಜೈನಧರ್ಮವನ್ನೂ ಜೈನ ಶಾಸನಗಳನ್ನೂ ಕುರಿತ ಪಿ.ಬಿ. ದೇಸಾಯಿಯವರ ಗ್ರಂಥವನ್ನು 1957ರಲ್ಲಿ ಪ್ರಕಟಿಸಿದ್ದು ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘ. ಈ ಪರಂಪರೆಯ ಮುಂದುವರಿಕೆ ಈಗ ಸಮಾರಂಭಗಳಲ್ಲಿ ಕಾಣುವಷ್ಟು ಕಲ್ಲುಗಳ ಬಳಿ ಕಾಣುತ್ತಿಲ್ಲ.

ಹೀಗಾಗಿ ನಮ್ಮ ಒತ್ತಾಯ ಇಷ್ಟು. 1988ರ ಸಂಪುಟವನ್ನು ಕೈಯಲ್ಲಿ ಹಿಡಿದು ಊರೂರಿಗೆ ಹೋಗಿ, ಅದರಲ್ಲಿರುವ ಪ್ರತಿಯೊಂದು ಕಲ್ಲು ಇದೆಯೇ, ಎಲ್ಲಿದೆ, ಹೇಗಿದೆ ಎಂದು ನೋಡಿ ಪಟ್ಟಿ ಮಾಡಬೇಕು. ಸೊಲ್ಲಾಪುರದ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ವಿಶ್ವವಿದ್ಯಾಲಯವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಜೊತೆಗೂಡಿದರೆ ಅದು ಎರಡು ಬೇಸಿಗೆಯ ಕೆಲಸ. ರಿತ್ತಿ ಮತ್ತು ಕುಂಭಾರರು ಇದೇ ಎರಡು ಊರುಗಳಿಂದ ಕೈಜೋಡಿಸಿ ಆ ದಾರಿ ಹಾಕಿದ್ದಾರೆ. ಓರೆ ಬೆಳಕಿನಲ್ಲಿ ತೆಗೆದ ಒಳ್ಳೆಯ ಫೋಟೋ, ಕಾಗದದ ಪಡಿಯಚ್ಚು, ಕನ್ನಡ ಮರಾಠಿ ಎರಡರಲ್ಲೂ ಅರ್ಥ, ಇಷ್ಟನ್ನು ಒಂದು ಪ್ರತಿ ಊರಿನ ಶಾಲೆಗೂ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಕೊಡಬೇಕು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಿಕ್ಷಕರಿಗೆ ರಜೆಯಲ್ಲಿ ಹತ್ತು ದಿನದ ಲಿಪಿ ಶಿಬಿರ ನಡೆಸಬೇಕು. ಗಡಿಯಾಚೆಯ ಕನ್ನಡಿಗರಿಗೆಂದು ಕರ್ನಾಟಕ ಸರ್ಕಾರ ಎತ್ತಿಡುವ ಹಣದಲ್ಲಿ ಒಂದು ಪಾಲು ಸನ್ಮಾನಗಳಿಂದ ಇತ್ತ ತಿರುಗಲಿ. ಗುಡಿಗಳ ಪಂಚ ಕಮಿಟಿಗಳು ಬಣ್ಣ ಹಚ್ಚುವ ಮುಂಚೆ ಶಾಲೆಯ ಮಾಸ್ತರರನ್ನು ಒಂದು ಮಾತು ಕೇಳಲಿ. ಕೆಲಸ ಶುರುವಾಗಬೇಕಾದದ್ದು ಭೀಮೆ, ಸೀನೆಯರ ದಂಡೆಯ ಊರುಗಳಿಂದ. ಹೊಳೆಯ ನೀರಿನ ಮಟ್ಟಕ್ಕೆ ಹತ್ತಿರ ನಿಂತ ಕಲ್ಲುಗಳ ಪಡಿಯಚ್ಚು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಕೈಗೆ ಬರಬೇಕು.